ಆಬೆರಾನ್ ಹರ್ಬರ್ಟ್ ಮತ್ತು ಸರ್ಕಾರದ ಶಾಲೆ

ಮೂವತ್ತು ವರ್ಷ ಕನ್ನಡ ಪಾಠ ಹೇಳಿ, ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದಿದ ನಾನು ಆಬೆರಾನ್ ಹರ್ಬರ್ಟನ ಬರಹಗಳನ್ನು ಓದಿದ್ದು ನಿವೃತ್ತನಾದ ಮೇಲೆ. ಮೊದಲೇ ಓದಿದ್ದರೆ ಎಷ್ಟೋ ರಾತ್ರಿಗಳ ನಿದ್ರೆ ಕೆಡುತ್ತಿತ್ತೇನೋ.

ಆಬೆರಾನ್ 1838ರಲ್ಲಿ ಇಂಗ್ಲೆಂಡಿನ ಶ್ರೀಮಂತ ಮನೆತನವೊಂದರಲ್ಲಿ ಹುಟ್ಟಿದ. ತಂದೆ ಕಾರ್ನಾರ್ವನ್ನಿನ ಮೂರನೆಯ ಅರ್ಲ್. ಈಟನ್, ಆಕ್ಸ್‌ಫರ್ಡ್‌ಗಳಲ್ಲಿ ಓದಿ, ಸೈನ್ಯಾಧಿಕಾರಿಯಾಗಿ ಕೆಲಕಾಲ ಭಾರತದಲ್ಲಿಯೂ ಇದ್ದ. 1870ರಲ್ಲಿ ನಾಟಿಂಗ್‌ಹ್ಯಾಮಿನಿಂದ ಪಾರ್ಲಿಮೆಂಟಿಗೆ ಆರಿಸಿಬಂದ. ಶಾಲೆಗಳು ಸಾಲದ ಕಡೆಗಳಲ್ಲಿ ಚುನಾಯಿತ ಮಂಡಲಿಗಳು ತೆರಿಗೆಯ ಹಣದಿಂದ ಶಾಲೆ ನಡೆಸಬಹುದೆಂಬ ಶಾಸನವನ್ನು ಸಚಿವ ಫಾರ್ಸ್ಟರ್ ತಂದದ್ದು ಅದೇ ವರ್ಷ. ಆಬೆರಾನ್ ಅದನ್ನು ಬೆಂಬಲಿಸಿದ.

1873ರಲ್ಲಿ ತತ್ತ್ವಜ್ಞ ಹರ್ಬರ್ಟ್ ಸ್ಪೆನ್ಸರನ ಪರಿಚಯವಾಯಿತು. ಅಲ್ಲಿಂದ ಅವನ ವಿಚಾರದ ದಿಕ್ಕೇ ಬದಲಾಯಿತು. ಮರುವರ್ಷ ಪಾರ್ಲಿಮೆಂಟಿನಿಂದ ದೂರ ಸರಿದ. 1880ರಲ್ಲಿ ಐದರಿಂದ ಹತ್ತು ವರ್ಷದ ಮಕ್ಕಳಿಗೆಲ್ಲ ಶಾಲೆ ಕಡ್ಡಾಯವಾದಾಗ, ಸರ್ಕಾರದ ಶಿಕ್ಷಣ ನೆರವೋ ಅಡ್ಡಿಯೋ ಎಂದು ಪ್ರಶ್ನಿಸಿ ಲೇಖನ ಬರೆದ. ಒಂದೇ ಇಲಾಖೆ ದೇಶದ ಮಕ್ಕಳನ್ನೆಲ್ಲ ಒಂದೇ ಅಚ್ಚಿನಲ್ಲಿ ಎರೆಯಹೊರಟರೆ ಹೊಸ ಪ್ರಯೋಗಕ್ಕೆ ಎಡೆ ಎಲ್ಲಿ? ತಂದೆತಾಯಿಗಳ ಹೊಣೆಯನ್ನು ಅಧಿಕಾರಿ ಹೊತ್ತರೆ ಅವರಿಗೆ ಉಳಿಯುವುದೇನು? ಇದು ಅವನ ವಾದದ ತಿರುಳು. ಬಲಾತ್ಕಾರದ ತೆರಿಗೆಯೇ ಸಲ್ಲದು, ಜನ ಸ್ವಇಚ್ಛೆಯಿಂದ ಕೊಡಬೇಕು ಎನ್ನುವವರೆಗೂ ಅವನು ಹೋದ.

ಆಗ ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಿಗೆ ಸಿಗುವ ಅನುದಾನ ಮಕ್ಕಳ ಪರೀಕ್ಷೆಯ ಫಲಿತಾಂಶವನ್ನು ಅವಲಂಬಿಸಿತ್ತು. ಉಪಾಧ್ಯಾಯರು ಹಣಕ್ಕಾಗಿ ಉರುಹೊಡೆಸುತ್ತಿದ್ದರು. ಪರೀಕ್ಷೆಗೆ ವಿದ್ಯೆ ಬಲಿಯಾಗುತ್ತಿದೆಯೆಂದು 1888ರಲ್ಲಿ ಆಬೆರಾನ್ ಅನೇಕರ ಸಹಿಯೊಡನೆ ಪ್ರತಿಭಟನಾಪತ್ರ ಪ್ರಕಟಿಸಿದ. ಋಗ್ವೇದವನ್ನು ಸಂಪಾದಿಸಿದ ಮ್ಯಾಕ್ಸ್ ಮುಲ್ಲರನೂ ಅದಕ್ಕೆ ದನಿಗೂಡಿಸಿದ. 1890ರಿಂದ ಆಬೆರಾನ್ ತನ್ನದೇ ಪತ್ರಿಕೆಯನ್ನೂ ನಡೆಸಿದ. ಆದರೆ 1906ರಲ್ಲಿ ಅವನು ತೀರಿಕೊಳ್ಳುವ ವೇಳೆಗೆ ಇಂಗ್ಲೆಂಡ್ ಅವನು ಬೇಡವೆಂದ ದಾರಿಯಲ್ಲೇ ಬಹುದೂರ ಸಾಗಿತ್ತು.

ಸಾಗಿದ್ದು ತಪ್ಪೆಂದು ನಾನು ಹೇಳಲಾರೆ. ಈಟನ್ನಿನಲ್ಲಿ ಓದಿದವನಿಗೆ ಸರ್ಕಾರದ ಶಾಲೆ ಬೇಡವೆನ್ನುವುದು ಸುಲಭ. ನಾನಾದರೋ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅಕ್ಷರ ಕಲಿತವನು. ಹೆಬ್ಬೆಟ್ಟು ಒತ್ತುತ್ತಿದ್ದ ನನ್ನ ತಂದೆ ಯಾವ ದಾನಿಯ ಇಚ್ಛೆಗಾಗಿ ಕಾಯಬೇಕಿತ್ತು?

ಆದರೂ ಒಂದು ನೆನಪು ಕಾಡುತ್ತದೆ. ಹುಡುಗನೊಬ್ಬ ಪದ್ಯದ ಭಾವವನ್ನು ತನ್ನದೇ ಮಾತಿನಲ್ಲಿ ಸೊಗಸಾಗಿ ಬರೆದಿದ್ದ. ಮಾದರಿ ಉತ್ತರದಲ್ಲಿ ಅದು ಇರಲಿಲ್ಲ. ನಾನು ಸೊನ್ನೆ ಹಾಕಿ ಹಾಳೆ ಮಗುಚಿದೆ. ಆಬೆರಾನ್ ಹೇಳಿದ ಮದ್ದನ್ನು ನಾನು ಒಪ್ಪುವುದಿಲ್ಲ. ಅವನು ಗುರುತಿಸಿದ ರೋಗ ಮಾತ್ರ ನನ್ನ ಕೈಬೆರಳುಗಳಲ್ಲೇ ಇತ್ತು.