ರೂಢನಾಮದಿಂದ ಅಂಕಿತನಾಮಕ್ಕೆ: ಮಗುವಿನ ಹೆಸರು ಮತ್ತು ಕನ್ನಡದ ಬಂಧುವಾಚಿಗಳು

ಮಗಳಿಗೆ ‘ಇಬ್ಬನಿ’ ಎಂದೋ ‘ಮುಗಿಲು’ ಎಂದೋ ಹೆಸರಿಡಲು ಹೊರಟವರಿಗೆ ಮನೆಯ ಹಿರಿಯರಿಂದ ಬರುವ ಮೊದಲ ಮಾತು ‘ಇದೂ ಒಂದು ಹೆಸರೇ?’ ಎಂಬುದು. ಹೆಸರು ದೇವರದ್ದೋ ಮನೆಯ ಹಿರೀಕರದ್ದೋ ಆಗಿರಬೇಕು, ದಿನಬಳಕೆಯ ಪದ ಹೆಸರಾಗಲಾರದು ಎಂಬ ನಂಬಿಕೆ ಇದರ ಹಿಂದಿದೆ. ಆದರೆ ಬೆಟ್ಟಯ್ಯ, ಗುಡ್ಡಪ್ಪ, ಅಡಿವೆಪ್ಪ, ಹೊಳೆಯವ್ವ, ಹುಚ್ಚಪ್ಪ, ತಿಪ್ಪಮ್ಮ, ಸಾಕವ್ವ ಎಂದು ಕರೆದುಕೊಂಡೇ ಬಂದ ನಾಡಿನಲ್ಲಿ ಈ ನಂಬಿಕೆ ನಿಲ್ಲುವುದಿಲ್ಲ. ಆಕ್ಷೇಪದ ಬೇರು ಪದದ ಅರ್ಥಕ್ಕಿಂತ ಅದರ ರೂಪದಲ್ಲಿದೆ ಎಂಬುದು ಈ ಲೇಖನದ ವಾದ.

ಶಾಸ್ತ್ರಗಳ ಮಾತನ್ನು ಮೊದಲು ನೋಡಬಹುದು. ಪಾರಸ್ಕರ ಗೃಹ್ಯಸೂತ್ರ ಗಂಡುಮಗುವಿಗೆ ಎರಡು ಇಲ್ಲವೇ ನಾಲ್ಕು ಅಕ್ಷರದ, ಘೋಷಾಕ್ಷರದಿಂದ ಮೊದಲಾಗುವ ಹೆಸರನ್ನು ವಿಧಿಸುತ್ತದೆ. ಹೆಣ್ಣಿಗೆ ಬೆಸಸಂಖ್ಯೆಯ ಅಕ್ಷರಗಳು, ಕೊನೆಗೆ ‘ಆ’ಕಾರ. ಮನುಸ್ಮೃತಿ (2.31) ಮೇಲಿನ ಮೂರು ವರ್ಣಗಳಿಗೆ ಮಂಗಳ, ಬಲ, ಧನಗಳನ್ನು ಹಂಚಿ, ಶೂದ್ರನ ಹೆಸರು ಜುಗುಪ್ಸೆ ಹುಟ್ಟಿಸುವಂತಿರಲಿ ಎನ್ನುತ್ತದೆ. ಅದೇ ಗ್ರಂಥದ 3.9ರ ಪ್ರಕಾರ ನಕ್ಷತ್ರ, ಮರ, ನದಿ, ಪರ್ವತ, ಹಕ್ಕಿ, ಹಾವುಗಳ ಹೆಸರಿನ ಹೆಣ್ಣನ್ನು ಮದುವೆಯಾಗಕೂಡದು. ಅದರಂತೆಯೇ ನಡೆದಿದ್ದರೆ ನಮ್ಮ ರೋಹಿಣಿ, ಗಂಗೆ, ಕಾವೇರಿಯರಿಗೆ ಗಂಡೇ ಸಿಗುತ್ತಿರಲಿಲ್ಲ! ಇಂದು ಯಾರೂ ಹುಬ್ಬೇರಿಸದ ಹೆಸರುಗಳು ಆ ಸ್ಮೃತಿಕಾರನ ಕಣ್ಣಿಗೆ ಅಸಾಧು.

ಅರ್ಥವೊಂದನ್ನೇ ಬೆನ್ನುಹತ್ತಿದರೆ ದಾರಿ ತಪ್ಪುವುದಕ್ಕೆ ‘ತಿಪ್ಪೆ’ ಒಳ್ಳೆಯ ನಿದರ್ಶನ. ಹುಟ್ಟಿದ ಮಕ್ಕಳು ಒಂದರ ಹಿಂದೊಂದು ತೀರಿಕೊಂಡಾಗ, ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ‘ತಿಪ್ಪ’ನೆಂದು ಕರೆಯುತ್ತಿದ್ದರು. ಸಾವಿನ ಕಣ್ಣಿಗೆ ಅದು ಕಸವಾಗಿ ಕಾಣಲಿ ಎಂಬುದು ಲೆಕ್ಕಾಚಾರ. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಮೈಸೂರು ಸೀಮೆಯ ಜಾತಿ–ಬುಡಕಟ್ಟುಗಳ ಬಗ್ಗೆ ಹೊರತಂದ ಸಂಪುಟಗಳಲ್ಲಿ ಇಂಥ ರೂಢಿಗಳು ದಾಖಲಾಗಿವೆ. ಸ್ಮೃತಿ ಹೇರಿದ ಹೀನತೆ ಒಂದು, ಮಗು ಉಳಿಯಲೆಂದು ತಾಯಿ ತಾನೇ ಆಯ್ದ ಹೀನತೆ ಇನ್ನೊಂದು. ಹೆಸರನ್ನಷ್ಟೇ ನೋಡಿ ಯಾವುದು ಯಾವುದೆಂದು ಹೇಳಲಾಗದು. 15ನೆಯ ಶತಮಾನದಲ್ಲಿ ವಾಮನನ ಅಲಂಕಾರಸೂತ್ರಗಳಿಗೆ ‘ಕಾಮಧೇನು’ ವ್ಯಾಖ್ಯಾನ ಬರೆದ ಗೋಪೇಂದ್ರ ತಿಪ್ಪಭೂಪಾಲನಂತೂ ಅರಸು ಮನೆತನದವನು. ಇನ್ನು ಚಿತ್ರದುರ್ಗ ಸೀಮೆಯ ತಿಪ್ಪೇಸ್ವಾಮಿಗಳು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರು ಹೊತ್ತವರು. ಅಲ್ಲಿ ಕೂಗಿದವರಿಗೂ ಓಗೊಟ್ಟವರಿಗೂ ತಿಪ್ಪೆಯ ನೆನಪಾಗುವುದಿಲ್ಲ. ಶಿಕಾರಿಪುರದ ಹುಚ್ಚರಾಯಸ್ವಾಮಿಯ ಒಕ್ಕಲಿನ ಹುಚ್ಚರಾಯಪ್ಪಗಳ ಕಥೆಯೂ ಅಷ್ಟೇ.

ದೇವರ ಆಸರೆಯಿಲ್ಲದ ಪದಗಳನ್ನು ಹೆಸರಾಗಿಸಿದ್ದು ಅಪ್ಪ, ಅವ್ವ, ಅಮ್ಮ, ಅಯ್ಯ, ಅಕ್ಕ ಎಂಬ ಬಂಧುವಾಚಿಗಳು. ‘ಗುಡ್ಡ’ ನಪುಂಸಕಲಿಂಗ. ‘ಗುಡ್ಡಪ್ಪ’ ಆದ ಕೂಡಲೇ ಲಿಂಗ, ವಿಭಕ್ತಿ, ಗೌರವ ಮೂರೂ ತೀರ್ಮಾನವಾಗುತ್ತವೆ; ‘ಗುಡ್ಡದ’ ಹೋಗಿ ‘ಗುಡ್ಡಪ್ಪನ’ ಬರುತ್ತದೆ. ತೊಟ್ಟಿಲ ಕೂಸನ್ನೇ ಅಪ್ಪ, ಅವ್ವ ಎಂದು ಕರೆಯಬಲ್ಲ ಭಾಷೆಗೆ ಯಾವ ಪದವೂ ಹೆಸರಾಗಲು ತೊಡಕಾಗಲಿಲ್ಲ. ಪೇಟೆಯ ಓದಿದ ವರ್ಗ ಈ ಬಾಲವನ್ನು ಹಳ್ಳಿಗಾಡಿನದೆಂದು ಕತ್ತರಿಸಿತು. ಉಳಿದದ್ದು ಬರಿಯ ಪದ. ಹಿರಿಯರ ಕಿವಿಗೆ ಒಗ್ಗದಿರುವುದು ಈ ಬರಿದುತನ.

ಬಿಡದಿ ಬಳಿಯ ಭದ್ರಾಪುರದ ಹಕ್ಕಿಪಿಕ್ಕಿಗಳಲ್ಲಿ ಹೈಕೋರ್ಟ್, ಕಾಫಿ, ಗೂಗಲ್, ಮೈಸೂರುಪಾಕ್ ಎಂಬ ಹೆಸರುಗಳಿರುವುದನ್ನು ಪತ್ರಿಕೆಗಳು ಮತ್ತೆ ಮತ್ತೆ ತಮಾಷೆಯ ಸುದ್ದಿಯಾಗಿಸಿವೆ. ಅವರ ಮನೆಮಾತು ವಾಗ್ರಿ. ಕನ್ನಡದ ‘ಅಪ್ಪ’ನ ಹಂಗು ಅವರಿಗಿಲ್ಲ. ಕಣ್ಣಿಗೆ ಬಿದ್ದದ್ದನ್ನು, ಕಿವಿಗೆ ಬಿದ್ದದ್ದನ್ನು ಮಗುವಿಗೆ ಇಡುವ ಈ ರೂಢಿ ಗುಡ್ಡ, ಹೊಳೆಗಳನ್ನು ಇಟ್ಟವರ ರೂಢಿಗಿಂತ ಬೇರೆಯೇನಲ್ಲ. ನಗುವವರಿಗೆ ಕಚಗುಳಿಯಿಡುತ್ತಿರುವುದು, ನನ್ನ ಅಂದಾಜಿನಲ್ಲಿ, ಅಧಿಕಾರಸ್ಥಾನದ ಪದವೊಂದು ಬುಡಕಟ್ಟಿನ ಅಂಗಳದಲ್ಲಿ ಸಲೀಸಾಗಿ ಓಡಾಡುತ್ತಿರುವುದು. ಕಾನೂನಿಗಂತೂ ತಕರಾರಿಲ್ಲ. 1969ರ ಜನನ ಮರಣ ನೋಂದಣಿ ಅಧಿನಿಯಮದ 14ನೆಯ ಪ್ರಕರಣ ಹೆಸರಿಲ್ಲದೆಯೂ ಜನನ ನೋಂದಾಯಿಸಿ, ಹೆಸರನ್ನು ಆಮೇಲೆ ಸೇರಿಸಲು ಅವಕಾಶ ಕೊಡುತ್ತದೆ. ಪದ ಎಂಥದ್ದೆಂದು ಕೇಳುವುದಿಲ್ಲ.

ಬಂಧುವಾಚಿ ಕಳಚಿಕೊಂಡ ಹೊಸ ಹೆಸರುಗಳು ವ್ಯಾಕರಣದಲ್ಲಿ ಬೇರೆ ದಾರಿ ಹುಡುಕಿಕೊಳ್ಳುತ್ತಿವೆ. ಹಕ್ಕಿಯ ‘ಇಂಚರದ’ ಇಂಪು ಬೇರೆ, ‘ಇಂಚರಾಳ’ ಪುಸ್ತಕ ಬೇರೆ. ಇಂಚರಾ, ಸಿಂಚನಾ ಎಂದು ಕೊನೆಯ ಸ್ವರವನ್ನು ಎಳೆದು ಬರೆಯುವ ತಂದೆತಾಯಿ ಪಾರಸ್ಕರನನ್ನು ಓದಿದವರಲ್ಲ; ಪದದಿಂದ ಹೆಸರನ್ನು ಬಿಡಿಸಿ ತೋರಿಸುವ ಗುರುತೊಂದು ಅವರಿಗೆ ಬೇಕಾಗಿದೆ, ಹಿಂದೆ ‘ಅಮ್ಮ’ ಮಾಡುತ್ತಿದ್ದ ಕೆಲಸವನ್ನು ಈಗ ದೀರ್ಘ ಮಾಡುತ್ತಿದೆ. ಮುಗಿಲು, ಇಬ್ಬನಿಗಳಿಗೆ ಆ ಅನುಕೂಲವೂ ಇಲ್ಲ. ‘ಮುಗಿಲು ಬಂದಳು’ ಎಂಬಲ್ಲಿ ಕ್ರಿಯಾಪದ ಕೈಹಿಡಿಯುತ್ತದೆ; ‘ಮುಗಿಲಿನ ಬಣ್ಣ’ ಎಂದಾಗ ಅದು ಮೋಡದ್ದೋ ಮಗಳದ್ದೋ ಎಂಬುದು ಸಂದರ್ಭದಿಂದಲೇ ಗೊತ್ತಾಗಬೇಕು.