ಹಿನ್ನೀರಿನ ದಡದ ಬಿಡಾರ

ಮೈಸೂರು ಜಿಲ್ಲೆಯ ಕಾರಾಪುರದಲ್ಲಿ ಬೆಳಿಗ್ಗೆ ಡೇರೆಯಿಂದ ಹೊರಬಂದರೆ ಎದುರಿಗೇ ಕಬಿನಿಯ ಹಿನ್ನೀರು, ಅದರಾಚೆ ಕಾಡು. ತಂಗಲು ಬಂದವರು ಇದನ್ನು ಕಾಡಿನಷ್ಟೇ ಹಳೆಯ ಕೆರೆ ಎಂದುಕೊಳ್ಳುವುದುಂಟು. ಆದರೆ ಅಣೆಕಟ್ಟು ಮುಗಿದದ್ದು 1974ರಲ್ಲಿ.

ಅದಕ್ಕೂ ಮೊದಲು ಈ ಸೀಮೆ ಹೆಸರಾಗಿದ್ದದ್ದು ಕಾಕನಕೋಟೆಯ ಖೆಡ್ಡಾಗೆ. ಆನೆ ಹಿಂಡನ್ನು ಹೊಳೆಯತ್ತ ಅಟ್ಟಿ, ದಿಮ್ಮಿಗಳ ದೊಡ್ಡಿಗೆ ಕೂಡಿ, ಪಳಗಿದ ಆನೆಗಳ ನೆರವಿನಿಂದ ಹಗ್ಗ ಬಿಗಿಯುತ್ತಿದ್ದರು. ಅದನ್ನು ನೋಡಲೆಂದೇ ಮೈಸೂರು ಮಹಾರಾಜರ ಅತಿಥಿಗಳು, ವೈಸರಾಯರೂ ಸೇರಿ, ಇಲ್ಲಿ ಬೀಡುಬಿಡುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಬಳಿಕ ಆ ನೆಲ ನೀರಿನಡಿ ಸೇರಿತು.

1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿತು. ಮಹಾರಾಜರ ಕಾಲದ ಬಂಗಲೆಗಳು ಪ್ರವಾಸಿಗರ ಬಿಡಾರವಾದವು, ಪಕ್ಕದಲ್ಲಿ ಡೇರೆಗಳೆದ್ದವು. ಬೇಸಿಗೆಯಲ್ಲಿ ನೀರು ಇಳಿದಂತೆ ಬಯಲಾದ ನೆಲದಲ್ಲಿ ಹುಲ್ಲು ಚಿಗುರುತ್ತದೆ. ಮೇಯಲು ನೂರಾರು ಆನೆಗಳು ಸೇರುತ್ತವೆ. ಒಂದು ಕಾಲಕ್ಕೆ ತಮಟೆ ಬಡಿದು ಅಟ್ಟಿ ತರುತ್ತಿದ್ದ ಕಡೆಗೆ ಅವು ಈಗ ತಾವಾಗಿಯೇ ಬರುತ್ತವೆ.

ಹಾಗೆ ಬರಲಾಗದವರು ಕಾಡಿನ ಜನ. ಖೆಡ್ಡಾದಲ್ಲಿ ದುಡಿದ, ಆನೆಗಳನ್ನು ಪಳಗಿಸಿದ ಜೇನುಕುರುಬರಲ್ಲಿ ಕೆಲವರ ಹಾಡಿಗಳನ್ನು ಹಿನ್ನೀರು ನುಂಗಿತು. ನಾಗರಹೊಳೆ ರಾಷ್ಟ್ರೀಯ ಉದ್ಯಾನಕ್ಕಾಗಿ ಇನ್ನೂ ಅನೇಕರು ಹೊರಬಂದರು. 2006ರ ಅರಣ್ಯ ಹಕ್ಕು ಕಾಯ್ದೆಯ ಮೇಲೆ ಅರ್ಜಿ ಹಾಕಿ ಕಾಯುತ್ತಿರುವ ಕುಟುಂಬಗಳು ಇಂದಿಗೂ ಇವೆ. ದುಡ್ಡು ತೆತ್ತವರಿಗೆ ಕಾಡಿನಂಚಿನಲ್ಲಿ ಎರಡು ರಾತ್ರಿ ಕಳೆಯಲು ಜಾಗವಿದೆ. ಅಲ್ಲೇ ಹುಟ್ಟಿದವರು ಮಾತ್ರ ತಾವು ಅಲ್ಲಿಯವರೆಂದು ಕಾಗದ ತೋರಿಸಬೇಕು.