ಕಿವಿಗೆ ಗಾಳಿ ಹೊಕ್ಕ ಕಥೆ

ಪುಣೆಯ ಕನ್ನಡಿಗರಲ್ಲಿ ಬೈಕಿನ ಮೇಲೆಯೇ ಊರಿಗೆ ಹೋಗಿಬರುವವರದು ಒಂದು ಬೇರೆಯೇ ಪಂಗಡ. ದೀಪಾವಳಿಗೋ ಯುಗಾದಿಗೋ ರಜೆ ಕೂಡಿಬಂದರೆ ಸಾಕು, ನಸುಕಿನಲ್ಲಿ ಕಾತ್ರಜ್ ದಾಟಿ, ಖಂಬಾಟಕಿ ಘಾಟು ಹತ್ತಿಳಿದು, ಸಾತಾರಾ, ಕೊಲ್ಹಾಪುರ, ನಿಪ್ಪಾಣಿಗಳನ್ನು ಹಿಂದೆ ಹಾಕಿ, ಮಧ್ಯಾಹ್ನದ ಊಟಕ್ಕೆ ಬೆಳಗಾವಿ, ಸಂಜೆಯ ಚಹಾಕ್ಕೆ ಹುಬ್ಬಳ್ಳಿ. ನಾನೂ ಅವರಲ್ಲೊಬ್ಬ. ಟಯರು, ಚೈನು, ಮೈಲೇಜು, ಬೆನ್ನುನೋವುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಕಿವಿಯ ಮಾತನ್ನು ಮಾತ್ರ ಎತ್ತುವುದಿಲ್ಲ. ಯಾರಾದರೂ ಹೆಲ್ಮೆಟ್ ಹಾಕುವ ಮೊದಲು ಜೇಬಿನಿಂದ ಎರಡು ಫೋಮ್ ಇಯರ್‌ಪ್ಲಗ್ ತೆಗೆದು ಕಿವಿಗೆ ಇಟ್ಟುಕೊಂಡರೆ, "ಅಲ್ಲಪ್ಪಾ, ಹಿಂದಿನವರ ಹಾರ್ನ್ ಕೇಳಿಸಬೇಡವೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಈ ಪ್ರಶ್ನೆಗೂ ಇತಿಹಾಸವಿದೆ, ಅದರ ಉತ್ತರಕ್ಕೂ ಇದೆ.

ಸದ್ದಿನಿಂದ ಕಿವುಡು ಬರುತ್ತದೆ ಎಂಬುದು ಹೊಸ ತಿಳಿವಳಿಕೆಯಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝಿನಿ ಕಸುಬುದಾರರ ಕಾಯಿಲೆಗಳ ಬಗ್ಗೆ ಬರೆದ ಪುಸ್ತಕ 1700ರಲ್ಲಿ ಮೊದಲು ಅಚ್ಚಾಯಿತು. 1713ರಲ್ಲಿ ಅದರ ವಿಸ್ತೃತ ಆವೃತ್ತಿ ಬಂತು. ದಿನವಿಡೀ ತಾಮ್ರ ಬಡಿಯುವ ವೆನಿಸ್ಸಿನ ಕುಶಲಕರ್ಮಿಗಳು ಮುಪ್ಪಿನ ಹೊತ್ತಿಗೆ ಕಿವುಡರಾಗುವುದನ್ನು ಅವನು ದಾಖಲಿಸಿದ್ದಾನೆ. ಪುಣೆಯಲ್ಲಿರುವವರಿಗೆ ಇದನ್ನು ಕಲ್ಪಿಸಿಕೊಳ್ಳಲು ವೆನಿಸ್ಸಿಗೆ ಹೋಗಬೇಕಿಲ್ಲ. ಕಸಬಾ ಪೇಟೆಯ ತಾಂಬಟ್ ಆಳಿಯಲ್ಲಿ ಪೇಶ್ವೆಯವರ ಕಾಲದಿಂದ ಬಂದ ತಾಮ್ರದ ಕೆಲಸ ಇವತ್ತಿಗೂ ನಡೆದಿದೆ; ಆ ಓಣಿ ಹೊಕ್ಕರೆ ಕಣ್ಣಿಗಿಂತ ಮೊದಲು ಕಿವಿಗೇ ಅದರ ಗುರುತು ಹತ್ತುತ್ತದೆ. 1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್ ಎಂಬ ಕಿವಿ ವೈದ್ಯ ಬಾಯ್ಲರ್ ತಯಾರಿಸುವ ಕಾರ್ಮಿಕರನ್ನು, ಎರಕದ ಕೆಲಸದವರನ್ನು ಮತ್ತು ಅಂಚೆ ಹಂಚುವವರನ್ನು ಹೋಲಿಸಿ ನೋಡಿದ. ಗಡಿಯಾರದ ಟಿಕ್‌ಟಿಕ್ ಎಷ್ಟು ದೂರದಿಂದ ಕೇಳುತ್ತದೆ ಎಂಬುದೇ ಅವನ ಅಳತೆಗೋಲು. ಬಾಯ್ಲರಿನವರ ಸ್ಥಿತಿ ಎಲ್ಲರಿಗಿಂತ ಕೆಟ್ಟದಾಗಿತ್ತು. ಅಂದರೆ ಸದ್ದು ಎಲ್ಲಿಂದ ಬರುತ್ತದೆ, ಯಾರ ಕಿವಿಗೆ ಬೀಳುತ್ತದೆ ಎಂದು ಕೇಳುವ ಪದ್ಧತಿ ನೂರಾರು ವರ್ಷ ಹಳೆಯದು. ಮೋಟರ್ ಸೈಕಲ್ಲಿನ ವಿಷಯದಲ್ಲಿ ಮಾತ್ರ ನಾವು ಆ ಪ್ರಶ್ನೆಗೆ ಬಹುಕಾಲ ತಪ್ಪು ಜಾಗದಲ್ಲಿ ಉತ್ತರ ಹುಡುಕಿದೆವು.

ಅದಕ್ಕೆ ಕಾರಣವೂ ಇದೆ. ನಮ್ಮ ಹಿಂದಿನ ತಲೆಮಾರಿಗೆ ಬೈಕಿನ ಸದ್ದೆಂದರೆ ಇಂಜಿನ್ನಿನ ಸದ್ದೇ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ತಯಾರಿಸತೊಡಗಿತು. ಜಾವಾ, ಆಮೇಲೆ ಯೆಜ್ಡಿ ಬೀದಿಯ ತಿರುವಿನಲ್ಲಿರುವಾಗಲೇ ಮನೆಯವರಿಗೆ ಯಜಮಾನರು ಬಂದದ್ದು ತಿಳಿಯುತ್ತಿತ್ತು. ಮದ್ರಾಸಿನ ಬುಲೆಟ್ಟಿನ ಗುಡುಗು ಗೊತ್ತೇ ಇದೆ. ಇತ್ತ ಪುಣೆಯಲ್ಲಿ 1972ರಲ್ಲಿ ಬಂದ ಬಜಾಜ್ ಚೇತಕ್ ಮತ್ತು ಕೈನೆಟಿಕ್‌ನ ಲೂನಾ ಮಧ್ಯಮ ವರ್ಗದ ವಾಹನಗಳಾದವು. ಇವೆಲ್ಲ ಗಂಟೆಗೆ ನಲವತ್ತು ಐವತ್ತು ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದ ಗಾಡಿಗಳು. ರಸ್ತೆಗಳೂ ಅದಕ್ಕಿಂತ ಹೆಚ್ಚಿಗೆ ಬಿಡುತ್ತಿರಲಿಲ್ಲ. ಆ ವೇಗದಲ್ಲಿ ಗಾಳಿಯ ಸದ್ದು ದೊಡ್ಡ ತೊಂದರೆಯಲ್ಲ.

ಹಾಗಂತ ನಮ್ಮವರು ಗಾಳಿಗೆ ಅಂಜುತ್ತಿರಲಿಲ್ಲ ಎಂದಲ್ಲ. ರಾತ್ರಿ ಬಸ್ಸಿನ ಕಿಟಕಿಯ ಪಕ್ಕ ಕೂತವರು ಕಿವಿಗೆ ಅರಳೆ ಇಟ್ಟು ಮೇಲೆ ಮಫ್ಲರ್ ಸುತ್ತಿಕೊಳ್ಳುವುದು ನಾವೆಲ್ಲ ಕಂಡದ್ದೇ. ಆದರೆ ಆ ಅರಳೆ ಥಂಡಿಗೆ, ಸದ್ದಿಗಲ್ಲ. ಒಣ ಅರಳೆ ಸದ್ದನ್ನು ತಡೆಯುವುದು ಕೆಲವೇ ಡೆಸಿಬೆಲ್‌ನಷ್ಟು.

ಚಿತ್ರ ಬದಲಾದದ್ದು ಈ ಶತಮಾನದ ಆರಂಭದಲ್ಲಿ. 2001ರಲ್ಲಿ ಬಜಾಜ್ ಪಲ್ಸರ್ 150 ಮತ್ತು 180 ಸಿಸಿ ರೂಪದಲ್ಲಿ ಬಂತು. ಅದೇ ಹೊತ್ತಿಗೆ ಸುವರ್ಣ ಚತುಷ್ಪಥ ಯೋಜನೆಯಲ್ಲಿ ಪುಣೆ–ಬೆಂಗಳೂರು ರಸ್ತೆ, ಆಗಿನ ರಾಷ್ಟ್ರೀಯ ಹೆದ್ದಾರಿ 4, ಈಗಿನ 48, ನಾಲ್ಕು ಪಥವಾಗತೊಡಗಿತು. 2012ರಲ್ಲಿ ಚಾಕಣದಿಂದಲೇ ಕೆಟಿಎಂ 200 ಡ್ಯೂಕ್ ಹೊರಬಂತು. ಎಂಬತ್ತು, ತೊಂಬತ್ತು, ನೂರರ ವೇಗದಲ್ಲಿ ತಾಸುಗಟ್ಟಲೆ ಓಡುವುದು ನಮ್ಮಂಥ ಸಂಬಳದವರಿಗೂ ಸಾಧ್ಯವಾಯಿತು. ಇಂಜಿನ್ ಮೊದಲಿಗಿಂತ ಮೆತ್ತಗಾಯಿತು, ಸೈಲೆನ್ಸರ್ ಸುಧಾರಿಸಿತು. ಆದರೆ ಸವಾರನ ಕಿವಿಗೆ ಬೀಳುವ ಸದ್ದು ಕಡಿಮೆಯಾಗಲಿಲ್ಲ. ಅದು ಇಂಜಿನ್ನಿನಿಂದ ಗಾಳಿಗೆ ಸ್ಥಳ ಬದಲಿಸಿತು.

ಗಾಳಿ ಹೇಗೆ ಸದ್ದು ಮಾಡುತ್ತದೆ ಎಂಬುದಕ್ಕೆ 1952ರಲ್ಲಿ ಗಣಿತದ ತಳಹದಿ ಹಾಕಿದವರು ಇಂಗ್ಲೆಂಡಿನ ಜೇಮ್ಸ್ ಲೈಟ್‌ಹಿಲ್. ಜೆಟ್ ವಿಮಾನದ ಸದ್ದು ಅವರ ವಿಷಯವಾಗಿತ್ತು. 1955ರಲ್ಲಿ ಕರ್ಲ್ ಎಂಬವರು ಅದನ್ನು ಘನವಸ್ತುವಿಗೆ ಬಡಿಯುವ ಗಾಳಿಗೂ ವಿಸ್ತರಿಸಿದರು. ಅವರ ಲೆಕ್ಕದ ಪ್ರಕಾರ ಇಂಥ ಸದ್ದಿನ ಶಕ್ತಿ ವೇಗದ ಆರನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಸದ್ದಿನ ಶಕ್ತಿ ಅರವತ್ನಾಲ್ಕು ಪಟ್ಟು, ಅಂದರೆ ಸುಮಾರು 18 ಡೆಸಿಬೆಲ್ ಜಾಸ್ತಿ. ನಲವತ್ತರ ವೇಗದಲ್ಲಿ ಸುಮ್ಮನಿದ್ದ ಗಾಳಿ ಎಂಬತ್ತರಲ್ಲಿ ಯಾಕೆ ಭೋರ್ಗರೆಯುತ್ತದೆ ಎಂಬುದಕ್ಕೆ ಇದೇ ಉತ್ತರ.

ಇದನ್ನು ಸವಾರರ ಕಿವಿಯ ಹತ್ತಿರ ಅಳೆದು ನೋಡಿದವರಲ್ಲಿ ಬ್ರಿಟನ್ನಿನ ಕಿವಿ ಶಸ್ತ್ರವೈದ್ಯ ಮೆಕೋಂಬ್ ಮತ್ತು ಅವರ ಸಂಗಡಿಗರು ಮುಖ್ಯರು. 1990ರ ದಶಕದ ಅವರ ಅಳತೆಗಳ ಪ್ರಕಾರ ಗಂಟೆಗೆ ಸುಮಾರು 65 ಕಿ.ಮೀ. ವೇಗದಲ್ಲೇ ಹೆಲ್ಮೆಟ್ಟಿನೊಳಗಿನ ಗಾಳಿಸದ್ದು 90 ಡೆಸಿಬೆಲ್ ಮುಟ್ಟುತ್ತದೆ. 160ರಲ್ಲಿ 110ರ ಆಸುಪಾಸು. ಇವೆರಡರ ನಡುವೆ ಲೆಕ್ಕ ಹಾಕಿದರೆ ನಮ್ಮ ಹೆದ್ದಾರಿಯ ತೊಂಬತ್ತರ ವೇಗಕ್ಕೆ ಸುಮಾರು 97 ಡೆಸಿಬೆಲ್. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ 1998ರಲ್ಲಿ ಕೊಟ್ಟ ಶಿಫಾರಸು ಹೀಗಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು, ಅಲ್ಲಿಂದ ಪ್ರತಿ ಮೂರು ಡೆಸಿಬೆಲ್ ಏರಿಕೆಗೂ ಅವಧಿ ಅರ್ಧವಾಗಬೇಕು. ಈ ಲೆಕ್ಕದಲ್ಲಿ 97ಕ್ಕೆ ಸಿಗುವುದು ಅರ್ಧ ಗಂಟೆ. ಪುಣೆ ಬಿಟ್ಟವರ ದಿನದ ಪಾಲು ಖಂಬಾಟಕಿ ಘಾಟು ತಲುಪುವ ಮೊದಲೇ ಮುಗಿದಿರುತ್ತದೆ. ಹುಬ್ಬಳ್ಳಿ ಇನ್ನೂ ಬಹಳ ದೂರ.

ಹೆಲ್ಮೆಟ್ ಇದೆಯಲ್ಲ ಎನ್ನಬಹುದು. ಹೆಲ್ಮೆಟ್ಟಿನ ಚರಿತ್ರೆ ತಲೆಬುರುಡೆಯ ಚರಿತ್ರೆ. 1935ರಲ್ಲಿ ಟಿ. ಇ. ಲಾರೆನ್ಸ್ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಚಿಕಿತ್ಸೆಗೆ ಬಂದಿದ್ದವರಲ್ಲಿ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಒಬ್ಬರು. ಮಹಾಯುದ್ಧದ ನಡುವೆ, 1941ರಲ್ಲಿ, ಬೈಕ್ ಸವಾರರ ತಲೆಗಾಯಗಳ ಬಗ್ಗೆ ಅವರು ಬರೆದ ಪ್ರಬಂಧವೇ ಹೆಲ್ಮೆಟ್ ಪರವಾದ ವೈದ್ಯಕೀಯ ವಾದಕ್ಕೆ ಬುನಾದಿ. ಬ್ರಿಟನ್ನಿನಲ್ಲಿ 1973ರಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಅದನ್ನೇ ಹೇಳುತ್ತದೆ. ಪುಣೆ ಮಾತ್ರ ಇದಕ್ಕೆ ಸುಲಭವಾಗಿ ಒಗ್ಗಲಿಲ್ಲ. 2019ರ ಜನವರಿ 1ರಿಂದ ಪೊಲೀಸರು ನಿಯಮ ಬಿಗಿ ಮಾಡಿದಾಗ ವಿರೋಧಿಸಲು ಇಲ್ಲಿ ಸಮಿತಿಯೇ ಹುಟ್ಟಿಕೊಂಡಿತು. ಹೆಲ್ಮೆಟ್ ಹಾಕಿದರೆ ಹಿಂದಿನ ಗಾಡಿಯ ಸದ್ದು ಕೇಳುವುದಿಲ್ಲ ಎಂಬುದು ಈ ಊರಿನಲ್ಲಿ ಹಳೆಯ ವಾದ. ನಿಜ ಸಂಗತಿ ಇದಕ್ಕೆ ತಿರುಗುಮುರುಗು. ವೇಗದಲ್ಲಿ ಹೆಲ್ಮೆಟ್ ಕಿವಿಯನ್ನು ಮುಚ್ಚುವುದಿಲ್ಲ, ತುಂಬುತ್ತದೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು ಗಾಳಿಸುರಂಗದಲ್ಲಿಯೂ ರಸ್ತೆಯ ಮೇಲೂ ಪರೀಕ್ಷಿಸಿ, ಗದ್ದದ ಕೆಳಗಿನ ತೆರಪು ಈ ಸದ್ದಿಗೆ ದೊಡ್ಡ ಮೂಲವೆಂದು ತೋರಿಸಿದರು. ತಲೆಗೆ ಹೆಲ್ಮೆಟ್ ಬೇಕೇ ಬೇಕು. ಕಿವಿಯ ರಕ್ಷಣೆ ಬೇರೆಯೇ ಕೆಲಸ.

ಕಾನೂನಿನ ಕಿವಿ ಎಲ್ಲಿದೆ ನೋಡಿ. ಪುಣೆಯ ವೇತಾಳ ಟೇಕಡಿಯ ಮೇಲೆ ಎಆರ್‌ಎಐ ಇದೆ, ದೇಶದ ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆ, 1966ರಲ್ಲಿ ಸ್ಥಾಪನೆಯಾದದ್ದು. ವಾಹನ ಹಾದುಹೋಗುವಾಗಿನ ಸದ್ದಿನ ಪರೀಕ್ಷೆಯಲ್ಲಿ ಮೈಕು ಇರುವುದು ಗಾಡಿ ಓಡುವ ಗೆರೆಯಿಂದ 7.5 ಮೀಟರ್ ದೂರದಲ್ಲಿ. 80ರಿಂದ 175 ಸಿಸಿ ಬೈಕಿಗೆ ಮಿತಿ 77 ಡೆಸಿಬೆಲ್. ರಸ್ತೆ ಬದಿಯಲ್ಲಿ ನಿಂತವನಿಗೆ ಇದು ನ್ಯಾಯವೇ. ಕಿರುಚುವ ಸೈಲೆನ್ಸರುಗಳನ್ನು ಪೊಲೀಸರು ರೋಡ್ ರೋಲರಿನ ಕೆಳಗೆ ಹಾಕಿಸುವುದೂ ಅವನಿಗಾಗಿಯೇ. ಕಾರ್ಖಾನೆಯಲ್ಲಿ ನಿಂತ ಕಾರ್ಮಿಕನಿಗೆ ಎಂಟು ಗಂಟೆಗೆ 90 ಡೆಸಿಬೆಲ್ ಎಂಬ ಮಿತಿ ಇದೆ. ಅದೇ ಕಾರ್ಮಿಕ ಪಾಳಿ ಮುಗಿಸಿ ತಾನೇ ಜೋಡಿಸಿದ ಬೈಕ್ ಹತ್ತಿ ಹೆದ್ದಾರಿಗೆ ಇಳಿದರೆ ಅವನ ಕಿವಿಗೆ ಯಾವ ಲೆಕ್ಕವೂ ಇಲ್ಲ. ದಿನವಿಡೀ ಪಾರ್ಸಲ್ ಹೊತ್ತು ಬೈಪಾಸಿನಲ್ಲಿ ಓಡಾಡುವ ಹುಡುಗರಿಗೂ ಇಲ್ಲ.

ಹಾಗಾದರೆ ಸಾಧನವೇ ಇರಲಿಲ್ಲವೇ? ಇತ್ತು. 1907ರಲ್ಲಿ ಬರ್ಲಿನ್ನಿನ ಔಷಧ ತಜ್ಞ ಮ್ಯಾಕ್ಸ್ ನೆಗ್ವರ್ ಮೇಣ ಮತ್ತು ಹತ್ತಿ ಬೆರೆಸಿ ಓರೋಪ್ಯಾಕ್ಸ್ ಮಾಡಿದ. ಮೊದಲ ಮಹಾಯುದ್ಧದಲ್ಲಿ ಅದು ಸೈನಿಕರ ಕಿವಿ ಸೇರಿತು. ನಾವು ಇಂದು ಮೆಡಿಕಲ್ ಶಾಪಿನಲ್ಲಿ ಕೊಳ್ಳುವ, ಹೊಸೆದರೆ ಸಣ್ಣಗಾಗಿ ಮತ್ತೆ ನಿಧಾನವಾಗಿ ಅರಳುವ ಫೋಮ್ ಪ್ಲಗ್‌ನ ಮೂಲ 1967ರಲ್ಲಿ ಅಮೆರಿಕದಲ್ಲಿ ರಾಸ್ ಗಾರ್ಡ್ನರ್ ಕಂಡುಕೊಂಡ ವಸ್ತು. 1972ರಲ್ಲಿ ಅದು ಮಾರುಕಟ್ಟೆಗೆ ಬಂತು. ಚೇತಕ್, ಲೂನಾ ಬಂದ ವರ್ಷವೂ ಅದೇ. ಗಾಡಿ ಮನೆಮನೆಗೆ ಮುಟ್ಟಿತು, ಪ್ಲಗ್ ಮುಟ್ಟಲಿಲ್ಲ.

ಇನ್ನು ಹಾರ್ನಿನ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕಿದ್ದು 1946ರಲ್ಲಿ. ಯುದ್ಧಕಾಲದ ಗದ್ದಲದಲ್ಲಿ ಮಾತು ಕೇಳಿಸುವ ಬಗೆಯನ್ನು ಪರೀಕ್ಷಿಸಿದ ಕಾರ್ಲ್ ಕ್ರೈಟರ್, ಸದ್ದು ಬಹಳ ಜೋರಾಗಿರುವಾಗ ಪ್ಲಗ್ ಹಾಕಿದವರಿಗೆ ಮಾತು ಅಷ್ಟೇ ಸ್ಪಷ್ಟವಾಗಿ, ಕೆಲವೊಮ್ಮೆ ಇನ್ನೂ ಚೆನ್ನಾಗಿ ಕೇಳುತ್ತದೆ ಎಂದು ತೋರಿಸಿದರು. ಪ್ಲಗ್ ಗಾಳಿಯನ್ನೂ ಹಾರ್ನನ್ನೂ ಒಟ್ಟಿಗೇ ತಗ್ಗಿಸುತ್ತದೆ. ಒಂದಕ್ಕೊಂದರ ಅಂತರ ಹಾಗೇ ಉಳಿಯುತ್ತದೆ. ಸೋತುಹೋದ ಕಿವಿಗೆ ಉಸಿರಾಡಲು ಜಾಗ ಸಿಗುತ್ತದೆ, ಬಿಸಿಲಿಗೆ ತಂಪು ಕನ್ನಡಕ ಹಾಕಿದ ಹಾಗೆ. ಕ್ಯಾಲಿಫೋರ್ನಿಯಾದ ಕಾನೂನು ಎರಡೂ ಕಿವಿಗೆ ಇಯರ್‌ಫೋನ್ ಹಾಕಿ ಓಡಿಸಬಾರದು ಎನ್ನುತ್ತಲೇ, ಹಾರ್ನ್ ಮತ್ತು ಸೈರನ್ ಕೇಳಲು ಅಡ್ಡಿಯಾಗದಂಥ ಇಯರ್‌ಪ್ಲಗ್‌ಗೆ ವಿನಾಯಿತಿ ಕೊಟ್ಟಿರುವುದು ಇದೇ ತಿಳಿವಳಿಕೆಯಿಂದ. ಆದರೆ ಕ್ರೈಟರ್ ಮಾತಿಗೆ ಒಂದು ಗಡಿ ಇದೆ: ಅದು ಜೋರು ಸದ್ದಿಗೆ ಮಾತ್ರ ಅನ್ವಯ. ಲಕ್ಷ್ಮಿ ರಸ್ತೆಯ ಸಂದಣಿಯಲ್ಲಿ ಇಪ್ಪತ್ತರ ವೇಗದಲ್ಲಿ ಪ್ಲಗ್ ಬೇಡ. ಕಿವಿ ಈಗಾಗಲೇ ಮಂದವಾದವರು ವೈದ್ಯರನ್ನು ಕೇಳಿಯೇ ಹಾಕಬೇಕು.

ಇಷ್ಟೆಲ್ಲ ಯಾಕೆ ಹೇಳಬೇಕಾಯಿತು ಎಂದರೆ, ಹುಬ್ಬಳ್ಳಿ ಮುಟ್ಟಿದ ಸಂಜೆ ಕಿವಿಯಲ್ಲಿ ಗುಂಯ್ ಎನ್ನುವುದನ್ನು ನಾವು ದಣಿವಿನ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ನಮ್ಮ ಅವ್ವ ಅಡುಗೆಮನೆಯಿಂದ ಎರಡು ಸಲ ಕರೆದು, "ಕಿವ್ಯಾಗ ಗಾಳಿ ಹೊಕ್ಕೈತಿ ನಿನಗ" ಎನ್ನುತ್ತಾಳೆ. ಅವಳು ಥಂಡಿಯ ಅರ್ಥದಲ್ಲಿ ಹೇಳಿದರೂ ಮಾತು ಅಕ್ಷರಶಃ ಸರಿ. ಸದ್ದಿನ ಏಟು ಮೊದಲು ಬೀಳುವುದು 4000 ಹರ್ಟ್ಸ್ ಸುತ್ತಲಿನ ಎತ್ತರದ ಸ್ವರಗಳ ಮೇಲೆ. ಒಳಗಿವಿಯ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕಾಗುಣಿತದ ಸ್ವರಗಳು ಉಳಿಯುತ್ತವೆ, ವ್ಯಂಜನಗಳು ಮಸುಕಾಗುತ್ತವೆ. 'ಕಾಸು' ಅಂದರೋ 'ತಾಸು' ಅಂದರೋ ತಿಳಿಯುವುದಿಲ್ಲ. ಮಾತು ಕೇಳುತ್ತದೆ, ಏನೆಂದು ಗೊತ್ತಾಗುವುದಿಲ್ಲ. ದಿನವಿಡೀ ಮೀಟಿಂಗಿನಲ್ಲಿ ಇಂಗ್ಲಿಷು, ರಸ್ತೆಯಲ್ಲಿ ಮರಾಠಿ ಕೇಳುವ ನಮಗೆ ಕನ್ನಡ ಸಿಗುವುದು ಮನೆಯಲ್ಲಿ ಮತ್ತು ಊರಿನ ಫೋನಿನಲ್ಲಿ. ಆ ಸಣ್ಣ ದನಿ ಕೈತಪ್ಪಿದರೆ ನಷ್ಟ ದೊಡ್ಡದು.

ಪರಿಹಾರ ಮಾತ್ರ ಅಗ್ಗದ್ದು. ಪ್ಲಗ್ಗನ್ನು ಶುದ್ಧ ಕೈಯಲ್ಲಿ ಸಣ್ಣಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆಳೆದು ಒಳಗಿಡಬೇಕು. ಅರಳುವ ತನಕ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು, ಆಮೇಲೆ ಹೆಲ್ಮೆಟ್. ಡಬ್ಬಿಯ ಮೇಲೆ 30 ಡೆಸಿಬೆಲ್ ಎಂದಿದ್ದರೂ ನಿಜದಲ್ಲಿ ಅರ್ಧ ಸಿಕ್ಕೀತು. 97ರಲ್ಲಿ ಹದಿನೈದು ಕಳೆದರೆ 82, ಅಷ್ಟು ಸಾಕು. ಮುಂದಿನ ಸಲ ಯಾರಾದರೂ ಹಾರ್ನಿನ ಪ್ರಶ್ನೆ ಕೇಳಿದರೆ ವಾದ ಬೇಡ, ಒಂದು ಜೋಡಿ ಕೊಟ್ಟು ಖಂಬಾಟಕಿಯಿಂದ ಸಾತಾರಾದವರೆಗೆ ಓಡಿಸಲು ಹೇಳಿ. ಹಾರ್ನೂ ಕೇಳುತ್ತದೆ, ಅಪರೂಪಕ್ಕೆ ಇಂಜಿನ್ನೂ ಕೇಳುತ್ತದೆ.